ಮಧ್ಯಾಹ್ನದವರೆಗೆ ಸತ್ತವಳು

"ಸತ್ತವರು ಕೆಮ್ಮಬಾರದು," ಅಂದರು ವಕೀಲಮ್ಮ, ಪದಬಂಧದಿಂದ ತಲೆ ಎತ್ತದೆಯೇ.

ಟೈಲರಮ್ಮ ಅರ್ಧ ಬಂದಿದ್ದ ಕೆಮ್ಮನ್ನು ನುಂಗಿಕೊಂಡಳು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅವಳು ಸತ್ತು ಇನ್ನೂ ಕಾಲು ಗಂಟೆ ಆಗಿರಲಿಲ್ಲ. ಅಷ್ಟರಲ್ಲೇ ಮೂಗು ತುರಿಸುತ್ತಿತ್ತು, ಎಡಗಾಲು ಜೋಮು ಹಿಡಿದಿತ್ತು, ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕಿವಿಯೊಳಗೇ ತೊಟ್ಟಿಕ್ಕಿದಂತೆ ಕೇಳುತ್ತಿತ್ತು. ಬದುಕಿದ್ದಾಗ ಆ ನಲ್ಲಿಯನ್ನು ಒಂದು ತಿಂಗಳು ಸಹಿಸಿಕೊಂಡವಳಿಗೆ, ಸತ್ತ ಮೇಲೆ ಒಂದು ನಿಮಿಷ ಸಹಿಸುವುದು ಕಷ್ಟವಾಗಿತ್ತು.

ಇದು ವಕೀಲಮ್ಮನ ಪದ್ಧತಿ. ಊರಲ್ಲಿ ಅವರಿಗೆ ಸಾವಿನ ತಾಲೀಮು ಮಾಡಿಸುವ ವಕೀಲೆ ಅಂತ ಹೆಸರಿತ್ತು. ವಯಸ್ಸಾದವರು, ಮನೆಯಲ್ಲಿ ವಿಶೇಷ ಆರೈಕೆ ಬೇಕಾದ ಮಕ್ಕಳಿರುವವರು ಅವರ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದರು. ಹೋದ ವಾರ ಟೈಲರಮ್ಮನೂ ಹತ್ತಿದ್ದಳು, ಮಗಳನ್ನು ಜೊತೆಗಿಟ್ಟುಕೊಂಡು. ಕೂತ ಕೂಡಲೇ ಒಂದೇ ಉಸಿರಿಗೆ ಹೇಳಿದ್ದಳು: "ಮನೆ, ಮಿಷನ್ನು, ಬ್ಯಾಂಕಲ್ಲಿರೋದು, ಎಲ್ಲಾ ಮಗಳ ಹೆಸರಿಗೆ ಬರೆದುಬಿಡಿ. ಮಗನನ್ನೂ ಸೇರಿಸಿ."

"ಮನೆ ಬರೆದುಕೊಡಬಹುದು, ಮಿಷನ್ನೂ ಬರೆದುಕೊಡಬಹುದು," ಅಂದಿದ್ದರು ವಕೀಲಮ್ಮ. "ಮನುಷ್ಯನ್ನ ಬರೆದುಕೊಡೋಕೆ ಸ್ವಲ್ಪ ತಡೀಬೇಕು."

ಆಮೇಲೆ ಬಿಡಿಸಿ ಹೇಳಿದ್ದರು. ಪೂರ್ತಿ ಪಾಲಕತ್ವ ಅಂದರೆ ಮಗ ಎಲ್ಲಿ ಇರಬೇಕು, ಯಾರ ಜೊತೆ ಇರಬೇಕು, ಕೆಲಸಕ್ಕೆ ಹೋಗಬೇಕೋ ಬೇಡವೋ, ಎಲ್ಲವನ್ನೂ ಇನ್ನೊಬ್ಬರು ತೀರ್ಮಾನಿಸುತ್ತಾರೆ. ಆಮೇಲೆ ಅವನು ಬೇಡ ಅಂದರೆ, ಆ ಬೇಡಕ್ಕೆ ಗಾಳಿಗಿರುವಷ್ಟು ತೂಕ. ಕೆಲವರಿಗೆ ಅದು ಬೇಕಾಗುತ್ತದೆ. ಕೆಲವರಿಗೆ ಬ್ಯಾಂಕಿನ ಮಟ್ಟಿಗೆ ಒಬ್ಬರು, ಆಸ್ಪತ್ರೆಯ ಮಟ್ಟಿಗೆ ಒಬ್ಬರು ಜೊತೆಗಿದ್ದರೆ ಸಾಕು. "ನಿಮ್ಮ ಮಗನಿಗೆ ಎಷ್ಟು ಬೇಕು?"

"ಎಲ್ಲಾ ಬೇಕು," ಅಂದಿದ್ದಳು ಮಗಳು.

"ಎಲ್ಲಾನೂ," ಅಂದಿದ್ದಳು ಟೈಲರಮ್ಮ. "ರಸ್ತೆ ದಾಟೋಕೂ ನಾನು ಕೈ ಹಿಡೀಬೇಕು ಅವನಿಗೆ."

"ಏನಮ್ಮಾ, ನೀವು ಟೈಲರು. ಅಳತೆ ತಗೊಳ್ಳದೆ ಕತ್ತರಿ ಹಾಕ್ತೀರಾ?"

ಅರ್ಧ ಶತಮಾನ ಟೈಲರಮ್ಮ ಮಾಡಿದ್ದು ಅದೊಂದೇ ಕೆಲಸ: ದೊಡ್ಡದನ್ನು ಚಿಕ್ಕದು ಮಾಡುವುದು. ಅದರಲ್ಲೂ ಕೋಟು. ತಂದೆ ತೀರಿಕೊಂಡ ಮೇಲೆ ಮಕ್ಕಳು ಅವರ ಕೋಟನ್ನು ಎದೆಗವಚಿಕೊಂಡು ತರುತ್ತಿದ್ದರು, ಇದನ್ನು ನನ್ನ ಅಳತೆಗೆ ಇಳಿಸಿಕೊಡಿ ಅಂತ. ಸಾವಿನ ಪರಿಚಯ ಅವಳಿಗೆ ಹೆಚ್ಚಾಗಿ ತೋಳು, ಭುಜ, ಅಸ್ತರಿನ ಮೂಲಕವೇ ಆಗಿತ್ತು. ಒಮ್ಮೆ ಹೆಚ್ಚು ಕತ್ತರಿಸಿದ ತೋಳನ್ನು ಮತ್ತೆ ಉದ್ದ ಮಾಡಲು ದೇವರಿಂದಲೂ ಆಗದು ಅಂತ ಗಿರಾಕಿಗಳಿಗೆ ಹೇಳುತ್ತಿದ್ದವಳು ಅವಳೇ.

ಹೀಗಾಗಿ ಈ ಬೆಳಗ್ಗೆ ವಕೀಲಮ್ಮ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಏದುಸಿರು ಬಿಡುತ್ತ ಟೈಲರಮ್ಮನ ಮಹಡಿ ಮನೆಗೆ ಹತ್ತಿ ಬಂದಿದ್ದರು. ಮಗಳಿಗೆ ಬರಬೇಡಿ ಅಂದಿದ್ದರು: "ನೀವು ಪರವೂರಲ್ಲಿದೀರಿ ಅಂತ ಲೆಕ್ಕ. ನಿಮಗೆ ಸುದ್ದಿ ಮುಟ್ಟೋದೇ ಮಧ್ಯಾಹ್ನ." ಟೈಲರಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಏಳುವಂತಿಲ್ಲ, ಮಾತಾಡುವಂತಿಲ್ಲ, ಕಣ್ಸನ್ನೆ ಮಾಡುವಂತಿಲ್ಲ, ಹನ್ನೆರಡು ಹೊಡೆಯುವ ತನಕ ನೀವು ಸತ್ತಿದೀರಿ ಅಂತ ಹೇಳಿ, ಆಮೇಲೆ ಒಳಗಿನ ಕೋಣೆಗೆ ಹೋಗಿ ಮಗನ ಮುಂದೆ ನಿಂತಿದ್ದರು. ಯಾರ ವಿಷಯವೋ ಅವರಿಗೆ ಹೇಳದೆ ಏನನ್ನೂ ಮಾಡುವುದಿಲ್ಲ ಎನ್ನುವುದು ಅವರ ಇನ್ನೊಂದು ಪದ್ಧತಿ.

"ದೊರೆಯವರೇ, ಇವತ್ತು ಮಧ್ಯಾಹ್ನದ ತನಕ ಅಮ್ಮ ಇಲ್ಲ ಅಂತ ಲೆಕ್ಕ. ಸತ್ತಿದಾರೆ ಅಂತ. ಸುಮ್ನೆ, ಆಟಕ್ಕೆ. ನಾನು ನೋಡ್ತಾ ಕೂತಿರ್ತೀನಿ. ಆಗಬಹುದಾ?"

ದೊರೆ ಬಾಗಿಲಿಗೆ ಬಂದು ಕುರ್ಚಿಯನ್ನು ನೋಡಿದ್ದ. "ಇದಾರಲ್ಲ."

"ಇದಾರೆ. ಆದ್ರೆ ಇಲ್ಲ."

ಅವನು ಅದನ್ನು ತನ್ನ ಧಾಟಿಯಲ್ಲಿ ಯೋಚಿಸಿದ್ದ. ಅವನಿಗೆ ದೊರೆ ಅನ್ನುವ ಹೆಸರು ಬಂದದ್ದೇ ಆ ಧಾಟಿಯಿಂದ. ಚಿಕ್ಕಂದಿನಲ್ಲಿ ಊಟಕ್ಕೆ ಕರೆದರೆ ಮನೆಮಂದಿಯೆಲ್ಲ ಉಂಡು ಮುಗಿಸಿ ಕೈ ತೊಳೆಯುವ ಹೊತ್ತಿಗೆ ಬರುತ್ತಿದ್ದ. "ಬಂದರಪ್ಪ ದೊರೆ," ಅನ್ನುತ್ತಿದ್ದ ಅವನಪ್ಪ. ಅಪ್ಪ ಹೋಗಿ ಬಹಳ ಕಾಲವಾಯಿತು, ಹೆಸರು ಉಳಿಯಿತು. ಈಗ ದೊರೆಗೆ ನಲವತ್ತು ದಾಟಿದೆ. ಕುಳ್ಳ ಮೈ, ಬೋಳು ನೆತ್ತಿ, ತುದಿ ಮೇಲಕ್ಕೆ ಹೊರಳಿದ ಸಣ್ಣ ಕಣ್ಣು, ದಪ್ಪ ನಾಲಿಗೆಯ ಮಾತು. ಕಾದು ಕೇಳುವವರಿಗೆ ಮಾತು ಸ್ಪಷ್ಟವಾಗಿಯೇ ಕೇಳುತ್ತಿತ್ತು. ಬುದ್ಧಿ ನಿಧಾನ ಅಂತ ಅವನು ಹುಟ್ಟಿದಾಗಲೇ ಡಾಕ್ಟರು ಹೇಳಿದ್ದರು. ನಿಧಾನ ಅಂದದ್ದು ಸರಿಯೇ. ಅದು ಯಾವ ಕಡೆಗೆ ಹೊರಟಿದೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ.

"ಮಧ್ಯಾಹ್ನ ಸರಿ ಹೋಗ್ತಾರಾ?" ಅಂತ ಕೇಳಿದ್ದ.

"ಗ್ಯಾರಂಟಿ."

"ಹಂಗಾದ್ರೆ ಸರಿ."

ಈಗ ಅವನು ಹಾಸಿಗೆ ಮಡಿಸಿ ಅಡುಗೆಮನೆಗೆ ಬಂದ. ಹೊದಿಕೆಯ ಒಂದು ಮೂಲೆ ನೆಲಕ್ಕೆ ಜೋತು ಬಿದ್ದಿತ್ತು. ಟೈಲರಮ್ಮನ ಬೆರಳು ತಾವಾಗಿ ಮಿಸುಕಿದವು. ಮಗಳಿಗಿದ್ದ ದೊಡ್ಡ ಭಯವೆಂದರೆ ಗ್ಯಾಸಿನ ಒಲೆ. ದೊರೆ ಒಲೆಯ ಮುಂದೆ ನಿಂತ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ, ಚಿಕ್ಕಂದಿನಲ್ಲಿ ಅವಳೇ ಕಲಿಸಿದ್ದ ಹಾಗೆ. ಒಲೆಯನ್ನು ದೊಡ್ಡ ನಾಯಿಯೊಂದನ್ನು ನೋಡುವಂತೆ ಸ್ವಲ್ಪ ಹೊತ್ತು ನೋಡಿ, ದೂರದಿಂದಲೇ ಸುತ್ತಿ ಬಂದು, ತಣ್ಣನೆಯ ಹಾಲು ತೆಗೆದುಕೊಂಡ. ವಕೀಲಮ್ಮನ ಪೆನ್ಸಿಲ್ಲು ಪದಬಂಧದ ಅಂಚಿನಲ್ಲಿ ಏನನ್ನೋ ಗೀಚಿತು.

ಬ್ರೆಡ್ಡಿಗೆ ಬೆಣ್ಣೆ ಸವರಿದ. ತನಗೆರಡು. ಆಮೇಲೆ ಇನ್ನೆರಡು. ಆ ತಟ್ಟೆಯನ್ನು ತಂದು ಕುರ್ಚಿಯ ಪಕ್ಕದ ಸ್ಟೂಲಿನ ಮೇಲಿಟ್ಟ.

"ದೊರೆಯವರೇ, ಸತ್ತವರು ತಿನ್ನಲ್ಲ," ಅಂದರು ವಕೀಲಮ್ಮ.

"ಗೊತ್ತು." ಅವನು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿದ. "ಮಧ್ಯಾಹ್ನಕ್ಕೆ."

ಆಮೇಲೆ ಲೋಟದಲ್ಲಿ ನೀರು ತಂದ. ಅಂಗೈಯಲ್ಲಿ ಟೈಲರಮ್ಮನ ರಕ್ತದೊತ್ತಡದ ಮಾತ್ರೆಯಿತ್ತು. ಅದನ್ನು ಅವಳ ಮೂಗಿನ ಕೆಳಗೆ ಹಿಡಿದು ನಿಂತ.

"ದೊರೆಯವರೇ..."

"ಇದು ಬಿಡೋ ಹಾಗಿಲ್ಲ."

"ಆದ್ರೆ ಲೆಕ್ಕದ ಪ್ರಕಾರ ಅವರು..."

"ಬಿಡೋ ಹಾಗಿಲ್ಲ," ಅಂದ ದೊರೆ. ದನಿ ಏರಲಿಲ್ಲ. ಆದರೆ ಸಂಜೆಯವರೆಗೆ ಬೇಕಾದರೂ ಹೀಗೆ ನಿಂತಿರುತ್ತೇನೆ ಅನ್ನುವುದು ಅವನ ಪಾದಗಳಲ್ಲೇ ಕಾಣುತ್ತಿತ್ತು.

ವಕೀಲಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಕೋರ್ಟಿನಲ್ಲಿ ಎಷ್ಟೋ ಎದುರಾಳಿಗಳನ್ನು ಕಂಡವರು, ಸೋತ ಜಾಗ ಯಾವುದು ಅಂತ ಅವರಿಗೆ ಗೊತ್ತಾಗುತ್ತಿತ್ತು. "ಸರಿ. ಮಾತ್ರೆ ಮಟ್ಟಿಗೆ ಬದುಕಿ, ಅಮ್ಮಾ."

ಟೈಲರಮ್ಮ ಮಾತ್ರೆ ಮಟ್ಟಿಗೆ ಬದುಕಿ, ನುಂಗಿ, ಮತ್ತೆ ಸತ್ತಳು. ಸತ್ತವಳಿಗೆ ಯೋಚನೆಯೊಂದು ಬಂತು. ದಿನಾ ಬೆಳಗ್ಗೆ ಚಹಾ ಲೋಟದ ಪಕ್ಕ ಆ ಮಾತ್ರೆ ಇರುತ್ತಿತ್ತು. ರಾತ್ರಿ ಮಲಗುವ ಮುಂಚೆ ತಾನೇ ಇಟ್ಟು ಮರೆತಿರುತ್ತೇನೆ ಅಂದುಕೊಂಡಿದ್ದಳು. ತನ್ನ ಮರೆವಿನ ಮೇಲೆ ಅವಳಿಗೆ ಅಷ್ಟು ನಂಬಿಕೆಯಿತ್ತು.

ಆಗಲೇ ಹೊಲಿಗೆ ಮಿಷನ್ನಿನ ಮೇಲಿದ್ದ ಅವಳ ಫೋನು ಬಡಿದುಕೊಂಡಿತು. ದೊರೆಗೆ ಫೋನೆಂದರೆ ಖುಷಿ. ಎತ್ತಿ, ಗಂಟಲು ಸರಿಮಾಡಿಕೊಂಡು, "ಹಲೋ, ಯಾರು ಬೇಕಾಗಿತ್ತು?" ಅಂದ. ಆ ಕಡೆ ಟೈಲರಮ್ಮನ ಅಕ್ಕ, ಕಿವಿ ಮಂದವಾದ್ದರಿಂದ ಇಡೀ ಲೋಕವೇ ಕಿವುಡು ಅಂದುಕೊಂಡು ಮಾತಾಡುವ ಹೆಂಗಸು. ಅವಳ ದನಿ ಕುರ್ಚಿಯ ತನಕ ಕೇಳುತ್ತಿತ್ತು.

"ದೊಡ್ಡಮ್ಮಾ, ಅಮ್ಮ ಇಲ್ಲ," ಅಂದ ದೊರೆ.

"ಎಲ್ಲಿಗೆ ಹೋದ್ಲು ಬೆಳಬೆಳಗ್ಗೆ?"

"ಎಲ್ಲಿಗೂ ಹೋಗಿಲ್ಲ. ಇಲ್ಲೇ ಕುರ್ಚಿ ಮೇಲಿದಾರೆ. ಸತ್ತಿದಾರೆ."

ಫೋನಿನಿಂದ ಹೊರಟ ಶಬ್ದಕ್ಕೆ ಕೆಳಗಿನ ಮನೆಯ ನಾಯಿ ಬೊಗಳಿತು. ಟೈಲರಮ್ಮ ಕಣ್ಣು ಅಗಲಿಸಿ ವಕೀಲಮ್ಮನನ್ನು ನೋಡಿದಳು. ವಕೀಲಮ್ಮ ಪೆನ್ಸಿಲ್ಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಗೋಡೆಯ ಕಡೆ ತಿರುಗಿದ್ದರು. ಭುಜ ಮಾತ್ರ ಕುಣಿಯುತ್ತಿತ್ತು.

"ಯಾವಾಗ್ಲೋ? ಯಾರಿದಾರೋ ಅಲ್ಲಿ?"

"ಈಗಷ್ಟೇ. ವಕೀಲರಿದಾರೆ."

"ಆಗಲೇ ವಕೀಲರು ಬಂದ್ರಾ! ಮೈ ತಣ್ಣಗಾಗೋ ಮುಂಚೆನೇ!" ಆಮೇಲೆ ದೊಡ್ಡ ಬಿಕ್ಕು. "ನನ್ನಪ್ಪಾ, ನೀನು ಏನಾದ್ರೂ ತಿಂದ್ಯೇನೋ?"

"ಬ್ರೆಡ್ಡು. ಅಳಬೇಡಿ ದೊಡ್ಡಮ್ಮಾ. ಮಧ್ಯಾಹ್ನ ಸರಿ ಹೋಗ್ತಾರೆ," ಅಂದು ದೊರೆ ಫೋನಿಟ್ಟ, ಕೆಲಸ ಚೊಕ್ಕವಾಗಿ ಮುಗಿಸಿದವನ ಹಾಗೆ.

ವಕೀಲಮ್ಮ ಮೆಟ್ಟಿಲ ಬಳಿ ಹೋಗಿ ಅಕ್ಕನಿಗೆ ತಿರುಗಿ ಫೋನು ಹಚ್ಚಿದರು. ಲೈನು ಸಿಗಲಿಲ್ಲ, ಅಕ್ಕ ಆಗಲೇ ನೆಂಟರಿಷ್ಟರಿಗೆ ಸುದ್ದಿ ಹಂಚಲು ಶುರುಮಾಡಿದ್ದಳು. ಸಿಕ್ಕಾಗ ಹತ್ತು ನಿಮಿಷ ಕಿರುಚಿ ಒಪ್ಪಿಸಬೇಕಾಯಿತು. ಒಳಗೆ ಬಂದು ಪದಬಂಧದ ಅಂಚಿನಲ್ಲಿ ಇನ್ನೊಂದು ಸಾಲು ಗೀಚಿದರು. ಕೇಳಿದವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳುವ ಮನುಷ್ಯನನ್ನು ಬ್ಯಾಂಕಿನ ಹೆಸರಲ್ಲಿ ಫೋನು ಮಾಡುವ ಕಳ್ಳರ ಕೈಗೆ ಒಬ್ಬನನ್ನೇ ಬಿಡುವ ಹಾಗಿರಲಿಲ್ಲ.

ಇನ್ನು ಉಳಿದದ್ದು ರಸ್ತೆ.

ಮನೆಯ ಕೆಳಗೆ ಒಂದು ಅಗಲವಾದ ರಸ್ತೆ. ಆಚೆ ಬದಿಯಲ್ಲಿ ಬೇಕರಿ, ಅದರ ಪಕ್ಕದಲ್ಲಿ ಡ್ರೈ ಕ್ಲೀನಿಂಗ್ ಅಂಗಡಿ. ಬೇಕರಿಯಲ್ಲಿ ದೊರೆ ಕೇಕಿನ ರಟ್ಟಿನ ಡಬ್ಬಿಗಳನ್ನು ಮಡಿಸುತ್ತಿದ್ದ. ಡ್ರೈ ಕ್ಲೀನಿಂಗ್ ಅಂಗಡಿಯ ಮೂಲೆಯಲ್ಲಿ ಟೈಲರಮ್ಮ ಇನ್ನೊಂದು ಮಿಷನ್ನು ಇಟ್ಟುಕೊಂಡಿದ್ದಳು. ಬೆಳಗ್ಗೆ ಇಬ್ಬರೂ ಒಟ್ಟಿಗೆ ದಾಟುತ್ತಿದ್ದರು, ಸಂಜೆ ಒಟ್ಟಿಗೆ ಹಿಂದಿರುಗುತ್ತಿದ್ದರು. ಅವಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಅದರಲ್ಲಿ ದಿನನಿತ್ಯದ ಒಂದು ಜಗಳವೂ ಇತ್ತು. ವಾಹನ ಬರುವ ಕಡೆಗೆ ತಾನಿದ್ದು ಮಗನನ್ನು ಒಳಬದಿಗೆ ಹಾಕಿಕೊಳ್ಳಬೇಕು ಅಂತ ಅವಳು. ಅವನೋ ರಸ್ತೆಯ ನಡುವೆಯೂ ಸುತ್ತಿ ಬಂದು ವಾಹನದ ಕಡೆಗೇ ನಿಲ್ಲುತ್ತಿದ್ದ. "ಈ ಕಡೆ ಬಾರೋ, ಕೋಣ," ಅನ್ನುತ್ತಿದ್ದಳು. ಬರುತ್ತಿರಲಿಲ್ಲ. ಹಟ, ಅಪ್ಪನ ಕಡೆಯದು, ಅಂದುಕೊಳ್ಳುತ್ತಿದ್ದಳು. ಅಂಗಡಿ ಬಾಗಿಲಲ್ಲಿ ಕೈ ಬಿಡುವಾಗ ಅವನು, "ಜೋಪಾನ. ಸಂಜೆ ಬರ್ತೀನಿ," ಅನ್ನುತ್ತಿದ್ದ. ಅವನ ಶಾಲೆಯ ಬಾಗಿಲಲ್ಲಿ ಒಂದು ಕಾಲಕ್ಕೆ ಅವಳು ಹೇಳುತ್ತಿದ್ದ ಮಾತು ಅದು. ಗಿಳಿಪಾಠ, ಪಾಪ, ಅಂತ ಅವಳಿಗೆ ಕನಿಕರ.

ದೊರೆ ಶೂ ಹಾಕಿದ, ಚೀಲ ಹೆಗಲಿಗೇರಿಸಿದ. ಬಾಗಿಲ ಬಳಿ ನಿಂತು, ರೂಢಿಯಂತೆ ಎಡಗೈಯನ್ನು ಸ್ವಲ್ಪ ಹಿಂದಕ್ಕೆ ಚಾಚಿದ. ಯಾರೂ ಹಿಡಿಯಲಿಲ್ಲ. ತಿರುಗಿ ಕುರ್ಚಿಯನ್ನು ನೋಡಿದ, ಕೈಯನ್ನು ನೋಡಿದ, ಆ ಕೈಯನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದ.

"ನಾನು ಹಿಂದಿಂದ ಬರ್ತೀನಿ, ಆದ್ರೆ ನಾನು ಇಲ್ಲ ಅಂತ ತಿಳ್ಕೊಳ್ಳಿ," ಅಂತ ವಕೀಲಮ್ಮ ಅವನಿಗೆ ಹೇಳುವುದು ಕೇಳಿಸಿತು. ಒಂದು ಬೆಳಗ್ಗೆಗೆ ಇಲ್ಲದವರ ಸಂಖ್ಯೆ ಹೆಚ್ಚಾಗುತ್ತಲೇ ಇತ್ತು.

ಅವರು ಕೆಳಗಿಳಿಯುವುದಕ್ಕೂ, ಮಗಳು ಹಿತ್ತಿಲ ಬಾಗಿಲಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದು ನಡುಮನೆಯಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ಮಗಳು ದಂತವೈದ್ಯರೊಬ್ಬರ ಕಚೇರಿಯಲ್ಲಿ ಸರದಿ ಬರೆಯುವ ಕೆಲಸದಲ್ಲಿದ್ದವಳು. ಊರಿನವರ ಹಲ್ಲುನೋವಿಗೆಲ್ಲ ಸಮಯ ಗೊತ್ತುಮಾಡುವವಳು. ಅವಳ ಕೂದಲು ಕೆದರಿತ್ತು, ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ ತಿರುಗಿ ಬೆನ್ನ ಮೇಲೆ ಬಿದ್ದಿತ್ತು. ಬಂದವಳೇ ತಾಯಿಯ ಕೆನ್ನೆ ಮುಟ್ಟಿ ನೋಡಿದಳು.

"ದೊಡ್ಡಮ್ಮ ಫೋನ್ ಮಾಡಿದ್ರು," ಅಂದಳು. "ನನಗೆ ಗೊತ್ತಿತ್ತು ಇದು ನಾಟಕ ಅಂತ. ನಾನೇ ತಾನೇ ಒಪ್ಕೊಂಡಿದ್ದು! ಆದ್ರೂ ಕಾಲು ನಿಲ್ಲಲಿಲ್ಲ, ನೋಡು."

ಟೈಲರಮ್ಮನ ಬಾಯಿಗೆ ಮಾತು ಬಂದಿತ್ತು. ಬೈಯಲು ವಕೀಲಮ್ಮ ಅಲ್ಲಿರಲೂ ಇಲ್ಲ. ಆದರೆ ಅವಳ ಕಣ್ಣು ಕಿಟಕಿಯಲ್ಲಿತ್ತು. ಮಗಳೂ ಬಗ್ಗಿ ನೋಡಿದಳು.

ಕೆಳಗೆ, ರಸ್ತೆ ದಾಟುವ ಬಿಳಿ ಪಟ್ಟಿಯ ಮುಂದೆ ದೊರೆ ನಿಂತಿದ್ದ. ಒಂದಷ್ಟು ಹಿಂದೆ ಅಂಚೆ ಡಬ್ಬಿಯ ಮರೆಯಲ್ಲಿ ವಕೀಲಮ್ಮ. ಡಬ್ಬಿಯ ಎರಡೂ ಬದಿಯಿಂದ ಅವರು ಸಾಕಷ್ಟು ಹೊರಗೆ ಕಾಣುತ್ತಿದ್ದರು. ಹಸಿರು ದೀಪ ಬಂತು. ಜನ ದಾಟಿದರು. ದೊರೆ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಮತ್ತೆ ಬಲಕ್ಕೆ ನೋಡಿದ, ಮತ್ತು ನಿಂತೇ ಇದ್ದ. ಕೆಂಪು ಬಂತು. ಬಸ್ಸುಗಳು ಹೋದವು. ಮತ್ತೆ ಹಸಿರು. ಶಾಲೆಯ ಹುಡುಗಿಯರ ಗುಂಪೊಂದು ಗಲಗಲ ಅನ್ನುತ್ತ ಅವನ ಎರಡೂ ಪಕ್ಕದಿಂದ ಹರಿದು ಹೋಯಿತು. ಹೊಳೆಯ ನಡುವಿನ ಕಲ್ಲಿನ ಹಾಗೆ ಅವನು ನಿಂತಿದ್ದ.

"ನೋಡ್ದಾ?" ಅಂದಳು ಮಗಳು, ಅಳು ಬಂದವಳಂತೆ. "ಅದಕ್ಕೇ ಅಮ್ಮ ನಾನು ಹೇಳೋದು. ಬೇಕರಿ ಕೆಲಸ ಬಿಟ್ಟು ಬರಲಿ. ನಮ್ಮನೇಲಿ ಕೋಣೆ ರೆಡಿ ಇದೆ, ಪರದೆ ಕೂಡಾ ತಂದಿದೀನಿ, ಅವನಿಗಿಷ್ಟದ ನೀಲಿ. ನೀನು ಹೋದ ಮೇಲೆ, ಹಿಂಗೇ ಒಂದಿನ, ಯಾರೋ ಫೋನ್ ಮಾಡಿ, ನಿಮ್ಮಣ್ಣ ರಸ್ತೇಲಿ..." ಅವಳು ವಾಕ್ಯ ಮುಗಿಸಲಿಲ್ಲ. "ನಾನು ಹೋಗ್ತೀನಿ. ದಾಟಿಸಿ ಬರ್ತೀನಿ."

ಅವಳು ತಿರುಗಿದಳು. ಸತ್ತವಳ ಕೈ ಅವಳ ಮಣಿಕಟ್ಟನ್ನು ಹಿಡಿದುಕೊಂಡಿತು.

ಯಾಕೆ ಹಿಡಿದೆ ಅಂತ ಟೈಲರಮ್ಮನಿಗೆ ಆಗ ಗೊತ್ತಿರಲಿಲ್ಲ. ಮಗಳಿಗಿಂತ ಮುಂಚೆ ತಾನೇ ಎದ್ದು ಓಡಬೇಕು ಅಂತ ಅವಳ ಮೈಯ ಎಲ್ಲ ನರವೂ ಕೂಗುತ್ತಿತ್ತು. ಆದರೆ ಗಿರಾಕಿ ಕನ್ನಡಿಯ ಮುಂದೆ ನಿಂತಾಗ ಬಟ್ಟೆ ಎಲ್ಲಿ ಎಳೆಯುತ್ತದೆ ಅಂತ ನೋಡುವ ಕಣ್ಣು ಅವಳದು. ಆ ಕಣ್ಣಿಗೆ ಏನೋ ಎಳೆದಂತೆ ಕಂಡಿತ್ತು. ಹೆದರಿದವನು ನಿಲ್ಲುವ ರೀತಿ ಹೀಗಲ್ಲ. ಹೆದರಿದರೆ ದೊರೆಯ ಭುಜ ಕಿವಿಯ ತನಕ ಏರುತ್ತಿತ್ತು. ಈಗ ಭುಜ ಇಳಿದಿತ್ತು. ಅವನು ಆರಾಮಾಗಿ, ಬಾಡಿಗೆಗೆ ಕಾಯುವ ಗಾಡಿಯವನ ಹಾಗೆ, ಹೋಗುವ ಬರುವವರ ಮುಖ ನೋಡುತ್ತ ನಿಂತಿದ್ದ.

ಅಷ್ಟರಲ್ಲಿ ಎತ್ತರದ ಒಬ್ಬ ಮನುಷ್ಯ ಬಂದ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಪತ್ರಿಕೆ, ಗಟ್ಟಿಮುಟ್ಟಾದ ಆಸಾಮಿ. ಪಟ್ಟಿಯ ಮುಂದೆ ಬಂದು ಜೇಬು ತಡಕುತ್ತ ನಿಂತ. ದೊರೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹಸಿರು ಬಂತು. ದೊರೆ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಮತ್ತೆ ಬಲಕ್ಕೆ ನೋಡಿದ, ಆಮೇಲೆ ಆ ಮನುಷ್ಯನ ಕೈ ಹಿಡಿದುಕೊಂಡ.

ಆಸಾಮಿ ಬೆಚ್ಚಿದ್ದು ಮೇಲಿನ ಮಹಡಿಗೂ ಕಂಡಿತು. ಏನೋ ಅಂದ. ದೊರೆಯೂ ಏನೋ ಅಂದ. ಇಬ್ಬರೂ ರಸ್ತೆಗಿಳಿದರು. ಒಂದು ವ್ಯಾನು ತಿರುವಿನಿಂದ ಮೂತಿ ತೂರಿಸಿತು. ದೊರೆ ನಿಂತ, ಅಂಗೈ ಎತ್ತಿ ಅದನ್ನು ನಿಲ್ಲಿಸಿದ, ಆ ಮನುಷ್ಯನನ್ನು ತನ್ನ ಇನ್ನೊಂದು ಬದಿಗೆ ಸರಿಸಿ ತಾನು ವಾಹನದ ಕಡೆಗೆ ಬಂದ. ಎತ್ತರದವನು ದೊಡ್ಡ ಮಗುವಿನಂತೆ ಅವನ ಜೊತೆ ಹೆಜ್ಜೆ ಹಾಕಿದ. ಆಚೆ ದಡದಲ್ಲಿ ದೊರೆ ಕೈ ಬಿಟ್ಟ, ಚಿಕ್ಕದಾಗಿ ಏನನ್ನೋ ಹೇಳಿದ, ಬೇಕರಿಯೊಳಗೆ ಹೋದ. ಆ ಮನುಷ್ಯ ಪತ್ರಿಕೆ ಕಂಕುಳಲ್ಲಿಟ್ಟುಕೊಂಡು ಅಲ್ಲೇ ನಿಂತಿದ್ದ. ಆಮೇಲೆ ತನ್ನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡ, ಅದರಲ್ಲೇನೋ ಇಟ್ಟು ಹೋಗಿದ್ದಾರೆ ಅನ್ನುವಂತೆ.

ಟೈಲರಮ್ಮ ಮಗಳ ಮಣಿಕಟ್ಟನ್ನು ಬಿಟ್ಟಳು. ಬೆರಳಿನ ಗುರುತು ಅಲ್ಲಿ ಕೆಂಪಗೆ ಉಳಿಯಿತು.

"ಅವನು..." ಅಂದಳು ಮಗಳು. "ಅಮ್ಮಾ, ಅವನು ಕಾಯ್ತಿದ್ದ."

ಎಷ್ಟೋ ವರ್ಷದ ರಸ್ತೆ ಟೈಲರಮ್ಮನ ಕಣ್ಣ ಮುಂದೆ ಹಿಂದುಮುಂದಾಗಿ ಹರಿಯುತ್ತಿತ್ತು. ವಾಹನದ ಕಡೆಗೇ ಬಂದು ನಿಲ್ಲುವ ಹಟ. ಜೋಪಾನ, ಸಂಜೆ ಬರ್ತೀನಿ. ಹೋದ ಚಳಿಗಾಲದಲ್ಲಿ ಜ್ವರ ಬಂದು ಅವಳು ಮನೆಯಲ್ಲಿ ಮಲಗಿದಾಗ ಅವನೂ ಬೇಕರಿಗೆ ಹೋಗದೆ ಹಾಸಿಗೆಯ ಬುಡದಲ್ಲಿ ಕೂತಿದ್ದ. ನಾನಿಲ್ಲದೆ ಪಾಪ ಹೊರಗೆ ಕಾಲಿಡಲಾರ ಅಂತ ಅವಳು ಜ್ವರದಲ್ಲೂ ಮರುಗಿದ್ದಳು. ಬಟ್ಟೆಯೊಂದನ್ನು ಜೀವಮಾನವೆಲ್ಲ ಒಳಮೈ ಮೇಲೆ ಮಾಡಿ ಉಟ್ಟುಕೊಂಡಿದ್ದು, ಯಾರೋ ತೋರಿಸಿಕೊಟ್ಟಾಗ ಮೊದಲ ಬಾರಿಗೆ ಅದರ ನಿಜವಾದ ಮೈಯ ಬಣ್ಣ ಕಂಡಂತಾಗಿ, ಅವಳು ಕುರ್ಚಿಯ ಕೈಗಳನ್ನು ಹಿಡಿದುಕೊಂಡು ಕೂತಳು.

ಹನ್ನೆರಡಕ್ಕೆ ವಕೀಲಮ್ಮ ದೊರೆಯ ಜೊತೆ ಹಿಂದಿರುಗಿದರು. ಅವರ ತುಟಿಯ ಅಂಚಿನಲ್ಲಿ ಕ್ರೀಮು ಅಂಟಿತ್ತು. "ಎದ್ದೇಳಿ, ಮುಗೀತು," ಅಂದರು. ಟೈಲರಮ್ಮ ಏಳಲಿಲ್ಲ. ದೊರೆ ಬಂದು ಬೋರಲು ತಟ್ಟೆ ತೆಗೆದು, ಒಣಗಿದ ಬ್ರೆಡ್ಡನ್ನು ಅವಳ ಕೈಗೆ ಕೊಟ್ಟು, "ಈಗ ತಿನ್ನಿ," ಅಂದ. ಅವಳು ತಿಂದಳು.

"ವಾಪಸ್ ಬರೋವಾಗ ನನ್ನ ದಾಟಿಸಿದ್ರು," ಅಂದರು ವಕೀಲಮ್ಮ, ಮೊಣಕಾಲು ನೀವಿಕೊಳ್ಳುತ್ತ. "ಕೈ ಬಿಡಿ, ನಾನು ಬರ್ತೀನಿ ಅಂದೆ. ಬಿಡಲಿಲ್ಲ. ನಲವತ್ತು ವರ್ಷ ವಕೀಲಿ ಮಾಡಿದೀನಿ, ಯಾರೂ ನನ್ನ ದಾಟಿಸಿರಲಿಲ್ಲ." ಆಮೇಲೆ ಅವನ ಕಡೆ ತಿರುಗಿದರು. "ದೊರೆಯವರೇ, ಇವರಿಗೂ ಹೇಳಿ. ಬೆಳಗ್ಗೆ ಅಷ್ಟು ಹೊತ್ತು ಯಾಕೆ ನಿಂತಿದ್ರಿ?"

"ಯಾರೂ ಇರಲಿಲ್ಲ."

"ಅಷ್ಟೊಂದು ಜನ ಇದ್ರಲ್ಲ, ಅಣ್ಣಾ?" ಅಂದಳು ಮಗಳು.

"ಅವರೆಲ್ಲಾ ಜೊತೆಜೊತೆ ಇದ್ರು. ಅವನು ಒಬ್ಬನೇ ಇದ್ದ."

"ನೀನೂ ಒಬ್ಬನೇ ಇದ್ದೆ. ನಿನ್ನ ಪಾಡಿಗೆ ನೀನು ದಾಟಬಹುದಿತ್ತಲ್ಲ?"

ದೊರೆ ತಂಗಿಯನ್ನು ನೋಡಿದ. ಇಷ್ಟು ಓದಿಕೊಂಡವಳಿಗೆ ಇಷ್ಟೂ ಗೊತ್ತಿಲ್ಲವಲ್ಲ ಅನ್ನುವ ಸಣ್ಣ ಬೇಸರ ಅವನ ಮುಖದಲ್ಲಿ ಹಾದುಹೋಯಿತು. "ನಾನು ದಾಟಿಸೋನು," ಅಂದ.

ನಲ್ಲಿ ತೊಟ್ಟಿಕ್ಕುತ್ತಿತ್ತು. ಯಾರಿಗೂ ಅದು ಕೇಳಿಸಲಿಲ್ಲ.

ವಕೀಲಮ್ಮ ಪದಬಂಧವನ್ನು ಮಡಿಸಿಟ್ಟರು. "ಅಮ್ಮ ಇಲ್ಲದ ದಿನ ಏನ್ಮಾಡ್ತೀರಿ? ಆಟಕ್ಕಲ್ಲ. ನಿಜವಾಗಿ."

ಅವನು ಯೋಚಿಸಿದ. ಎಲ್ಲರೂ ಕಾದರು, ಆ ಮನೆಯಲ್ಲಿ ಎಲ್ಲರೂ ಹೀಗೆ ಒಟ್ಟಿಗೆ ಅವನಿಗಾಗಿ ಕಾದದ್ದು ಬಹುಶಃ ಅದೇ ಮೊದಲು.

"ಅಳ್ತೀನಿ," ಅಂದ. "ಆಮೇಲೆ ನಿಂತ್ಕೋತೀನಿ. ಯಾರಾದ್ರೂ ಬರ್ತಾರೆ."

ಮಗಳು ಮೂಗು ಒರೆಸಿಕೊಂಡು, ಗುರುತಿನ ಚೀಟಿಯನ್ನು ಮುಂದಕ್ಕೆ ಎಳೆದುಕೊಂಡಳು. "ನಮ್ಮನೆ ಮುಂದೇನೂ ರಸ್ತೆ ಇದೆ ಅಣ್ಣಾ."

"ದೊಡ್ಡದಾ?"

"ಹೂಂ, ದೊಡ್ಡದೇ."

"ಯಾರು ದಾಟ್ತಾರೆ ಅಲ್ಲಿ?"

ಮಗಳ ಕಟ್ಟಡದಲ್ಲಿ ಜನ ನೆಲಮಾಳಿಗೆಯಲ್ಲೇ ಕಾರು ಹತ್ತಿ, ನೆಲಮಾಳಿಗೆಯಲ್ಲೇ ಇಳಿಯುತ್ತಿದ್ದರು. ಆ ರಸ್ತೆಯನ್ನು ನಡೆದು ದಾಟಿದವರನ್ನು ಅವಳು ಯಾವತ್ತೂ ನೋಡಿರಲಿಲ್ಲ. "ಪರದೆ ಇಲ್ಲಿಗೇ ತರ್ತೀನಿ ಬಿಡು," ಅಂದಳು ಕೊನೆಗೆ.

ಮಿಷನ್ನಿನ ಹಲಗೆಯ ಮೇಲೆ ಕಾಗದವಿಟ್ಟುಕೊಂಡು ವಕೀಲಮ್ಮ ಕರಡು ಬರೆಯಲು ಕೂತರು. ಬ್ಯಾಂಕಿಗೆ ತಂಗಿ, ಅಣ್ಣನ ಜೊತೆ. ಅವನನ್ನು ಕೇಳದೆ ಒಂದು ಕಾಸೂ ತೆಗೆಯುವಂತಿಲ್ಲ. ಆಪರೇಷನ್ನು ಗೀಪರೇಷನ್ನು ಬಂದರೆ ತಂಗಿ. ಮನೆ ಅವನು ಇರುವ ತನಕ ಅವನದು, ಮಾರುವಂತಿಲ್ಲ. ಒಲೆ ತೆಗೆಸಿ ತಾನಾಗಿ ಆರಿಹೋಗುವ ಕರೆಂಟಿನ ಕೆಟಲು. ಇದು ಕಾನೂನಿಗೆ ಸಂಬಂಧಿಸಿದ್ದಲ್ಲ, ಆದರೂ ಬರೆದರು. ಕೆಲಸ, ಊಟ, ಸ್ನೇಹ, ಎಲ್ಲಿ ಇರಬೇಕು ಎನ್ನುವುದು, ಎಲ್ಲಾ ದೊರೆಯವರದೇ. ಪ್ರತಿ ಸಾಲನ್ನೂ ಅವನಿಗೆ ಓದಿ ಹೇಳಿದರು. ಅರ್ಥವಾಗದ ಕಡೆ ಅವನು ಕೈ ಎತ್ತಿದ, ಅವರು ಮತ್ತೆ ಹೇಳಿದರು. ಹೊತ್ತು ಬಹಳ ಹಿಡಿಯಿತು. ಯಾರೂ ಗಡಿಯಾರ ನೋಡಲಿಲ್ಲ.

"ಇನ್ನು ನಿಮ್ಮದು," ಅಂದರು ವಕೀಲಮ್ಮ, ಟೈಲರಮ್ಮನ ಕಡೆ ತಿರುಗಿ.

"ನನ್ನದೇನು?"

"ಎಲ್ಲರೂ ಮಗನ ಚಿಂತೆ ತಗೊಂಡು ಬರ್ತೀರಿ. ನಾಳೆ ನೀವೇ ಬಿದ್ದು ಮಾತು ನಿಂತುಹೋದ್ರೆ? ಸತ್ತಾಗ ಅಲ್ಲ, ಅದಕ್ಕಿಂತ ಮುಂಚೆ. ನಿಮ್ಮ ಪರವಾಗಿ ಯಾರು?"

ಟೈಲರಮ್ಮ ಮಗಳನ್ನು ನೋಡಿದಳು. "ಆಸ್ಪತ್ರೆಗೆ ಇವಳು."

"ಮಾತ್ರೆಗೆ ನಾನು," ಅಂದ ದೊರೆ. ಸ್ವಲ್ಪ ತಡೆದು, ಯಾರೂ ಮರೆತುಬಿಡಬಾರದು ಅನ್ನುವಂತೆ ಸೇರಿಸಿದ: "ರಸ್ತೆಗೆ ನಾನು."

ವಕೀಲಮ್ಮ ಪೆನ್ನು ಎತ್ತಿ ಟೈಲರಮ್ಮನ ಒಪ್ಪಿಗೆಗೆ ಕಾದರು. ಅವಳು ತಲೆಯಾಡಿಸಿದಳು. ಅದನ್ನೂ ಬರೆದರು. ಕೋರ್ಟಿನಲ್ಲಿ ಅದನ್ನು ಓದುವವರು ಏನಂದುಕೊಳ್ಳುತ್ತಾರೋ ಅನ್ನುವ ಯೋಚನೆ ಅವರ ಹಣೆಯ ಮೇಲೆ ಒಂದು ಗಳಿಗೆ ಸುಳಿದು, ಹಾಗೇ ಹೋಯಿತು.

ಮರುದಿನ ಬೆಳಗ್ಗೆ ದೊರೆ ಬಾಗಿಲ ಬಳಿ ನಿಂತು ಎಡಗೈಯನ್ನು ಹಿಂದಕ್ಕೆ ಚಾಚಿದ. ಟೈಲರಮ್ಮ ತನ್ನ ಕೈಯನ್ನು ಅದರೊಳಗಿಟ್ಟಳು. ಇಷ್ಟು ವರ್ಷ ಅವಳು ಹಿಡಿಯುತ್ತಿದ್ದಳು. ಇವತ್ತು ಸುಮ್ಮನೆ ಇಟ್ಟಳು. ಅವನ ಅಂಗೈ ಬೆಚ್ಚಗಿತ್ತು, ರಟ್ಟು ಮಡಿಸಿ ಮಡಿಸಿ ಗಡುಸಾಗಿತ್ತು.

ಬಿಳಿ ಪಟ್ಟಿಯ ಮುಂದೆ ಇಬ್ಬರೂ ನಿಂತರು. ಬಸ್ಸಿನ ಸದ್ದು, ಬ್ರೇಕಿನ ಕಿರುಚು, ಯಾರದೋ ಹಾರ್ನು. ಟೈಲರಮ್ಮನ ಕತ್ತು ರೂಢಿಬಲದಿಂದ ಬಲಕ್ಕೆ ತಿರುಗಹೊರಟಿತು. ಅವಳು ಅದನ್ನು ತಡೆದಳು. ದೊರೆ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಮತ್ತೆ ಬಲಕ್ಕೆ ನೋಡಿದ, ಸುತ್ತಿ ಬಂದು ವಾಹನದ ಕಡೆಗೆ ನಿಂತ, "ಹೂಂ," ಅಂದ. ಅವಳು ಹೆಜ್ಜೆ ಇಟ್ಟಳು.

ದೀಪ ನೋಡುವ ಕೆಲಸವಿಲ್ಲದ, ಗಾಡಿ ನೋಡುವ ಕೆಲಸವಿಲ್ಲದ ಕಣ್ಣು ಏನು ಮಾಡಬೇಕೋ ತಿಳಿಯದೆ ಮೇಲಕ್ಕೆ ಹೋಯಿತು. ಬೇಕರಿಯ ಬೋರ್ಡಿನ ಮೇಲೆ ಒಂದು ಪುಟ್ಟ ಬಾಲ್ಕನಿಯಿತ್ತು. ಅಲ್ಲಿ ಬಾಲ್ಕನಿಯೊಂದಿದೆ ಅಂತ ಅವಳಿಗೆ ಈವರೆಗೆ ಗೊತ್ತೇ ಇರಲಿಲ್ಲ. ಹಗ್ಗದ ಮೇಲೆ ಯಾರೋ ಬೂದು ಬಣ್ಣದ ಕೋಟೊಂದನ್ನು ಬಿಸಿಲಿಗೆ ಹಾಕಿದ್ದರು. ಅಪ್ಪನದನ್ನು ಮಗನ ಅಳತೆಗೆ ಅವಳೇ ಎಂದೋ ಇಳಿಸಿಕೊಟ್ಟದ್ದು. ತೋಳಿನ ಹೊಲಿಗೆಯಿಂದಲೇ ಗುರುತು ಸಿಕ್ಕಿತು. ಅದರ ಎರಡೂ ತೋಳಿನಲ್ಲಿ ಗಾಳಿ ತುಂಬಿಕೊಂಡು, ಕೋಟು ರಸ್ತೆಯ ಕಡೆಗೆ ಕೈ ಚಾಚಿ ನಿಧಾನವಾಗಿ ಏಳುತ್ತಿತ್ತು.